ಬೊಲಾನ್ಯೊನ ‘2666’: ಓದುಗನ ದಣಿವು

ರೊಬೆರ್ತೊ ಬೊಲಾನ್ಯೊನ ‘2666’ ಕಷ್ಟದ ಕಾದಂಬರಿ ಎನ್ನುವವರು ಮೊದಲು ಅದರ ಗಾತ್ರವನ್ನು ತೋರಿಸುತ್ತಾರೆ. ಸ್ಪ್ಯಾನಿಷ್ ಮೂಲ ಸಾವಿರ ಪುಟ ದಾಟುತ್ತದೆ; 2008ರಲ್ಲಿ ಬಂದ ನತಾಶಾ ವಿಮರ್ ಅವರ ಇಂಗ್ಲಿಷ್ ಅನುವಾದ ಒಂಬೈನೂರರ ಆಸುಪಾಸಿನದು. ಆದರೆ ಕಥನ ಬಹುಮಟ್ಟಿಗೆ ಸರಾಗ. ಓದುಗನಿಗೆ ನಿಜಕ್ಕೂ ಕಷ್ಟವಾಗುವುದು ಐದು ಭಾಗಗಳ ಪೈಕಿ ನಾಲ್ಕನೆಯದು.

ಆ ಭಾಗ ನಡೆಯುವುದು ಮೆಕ್ಸಿಕೊದ ಗಡಿಯ ಕಲ್ಪಿತ ಊರು ಸಾಂತಾ ತೆರೆಸಾದಲ್ಲಿ. ಅದರ ಬೆನ್ನಿಗೆ ನಿಜದ ಸಿಯುದಾದ್ ಹ್ವಾರೆಸ್ ಇದೆ, 1993ರಿಂದ ಅಲ್ಲಿ ನಡೆದ ಹೆಂಗಸರ ಕೊಲೆಗಳಿವೆ. ಹತರಾದವರಲ್ಲಿ ಅನೇಕರು ಅಮೆರಿಕದ ಮಾರುಕಟ್ಟೆಗೆ ಸರಕು ಜೋಡಿಸುವ ಕಾರ್ಖಾನೆಗಳಿಗೆ ಕೂಲಿಗೆಂದು ಬಂದ ಬಡವರು. ಬೊಲಾನ್ಯೊ ಇವರ ಸಾವುಗಳನ್ನು ಮಹಜರಿನ ಭಾಷೆಯಲ್ಲಿ ಬರೆಯುತ್ತಾನೆ: ಶವ ಸಿಕ್ಕಿದ್ದು ಎಲ್ಲಿ, ಮೈಮೇಲಿದ್ದ ಬಟ್ಟೆ ಯಾವುದು, ವಯಸ್ಸೆಷ್ಟು, ಸತ್ತದ್ದು ಹೇಗೆ, ತನಿಖೆ ಎಲ್ಲಿಗೆ ನಿಂತಿತು. ನೂರಕ್ಕೂ ಹೆಚ್ಚು ಸಲ. ಮೊದಲು ಎದೆ ನಡುಗುತ್ತದೆ. ಆಮೇಲೆ ದಣಿವು. ಇನ್ನೂ ಮುಂದೆ ಹೋದರೆ ಕಣ್ಣು ತಾನಾಗಿಯೇ ಸಾಲುಗಳ ಮೇಲೆ ಜಾರತೊಡಗುತ್ತದೆ. ಇದು ಲೇಖಕನ ಸೋಲೆಂದು ನಾನು ಭಾವಿಸುವುದಿಲ್ಲ. ಸಾಂತಾ ತೆರೆಸಾದ ಪೊಲೀಸರು ಕಡತ ಮುಚ್ಚುವುದೂ ಇದೇ ದಣಿವಿನಿಂದ. ಅದು ಎಷ್ಟು ಬೇಗ ತನ್ನೊಳಗೂ ಹುಟ್ಟುತ್ತದೆಂದು ಓದುಗ ಸ್ವತಃ ಅನುಭವಿಸಬೇಕಾಗುತ್ತದೆ.

ಇಲ್ಲಿ ಹೆಂಗಸರು ಬರಿಯ ಶವಗಳಾಗಿ ಬರುತ್ತಾರೆ ಎಂಬ ಆಕ್ಷೇಪವನ್ನು ತಳ್ಳಿಹಾಕಲಾರೆ. ಟಿವಿಯಲ್ಲಿ ಈ ಕೊಲೆಗಳ ಬಗ್ಗೆ ದನಿಯೆತ್ತುವ ಕಣಿ ಹೇಳುವ ಮುದುಕಿ ಫ್ಲೋರಿತಾ ಅಲ್ಮಾದಾಳಂಥ ಗಟ್ಟಿ ಪಾತ್ರವಿದ್ದರೂ, ಪೊಲೀಸರಿಗೆ ಪುಟಗಟ್ಟಲೆ ಸಿಗುವ ಬದುಕು ಸತ್ತವರಿಗೆ ಒಂದೆರಡು ವಾಕ್ಯಗಳಲ್ಲಿ ಮುಗಿಯುತ್ತದೆ. ಆದರೂ ಪೊಲೀಸರು ಬೆಳಗಿನ ತಿಂಡಿಗೆ ಕೂತು ಹೆಂಗಸರ ಮೇಲಿನ ಹೊಲಸು ನಗೆಹನಿಗಳನ್ನು ಸಾಲುಸಾಲಾಗಿ ಹೇಳಿಕೊಂಡು ನಗುವ ಪುಟಗಳು, ಒಬ್ಬನೇ ಹಂತಕನನ್ನು ಹುಡುಕುವ ಯಾವ ಪತ್ತೇದಾರಿ ಕತೆಗಿಂತಲೂ ಆಳಕ್ಕಿಳಿಯುತ್ತವೆ. ಕೊಲೆಗೆ ಬೇಕಾದ ಹವೆ ಆ ಮೇಜಿನ ಸುತ್ತಲೇ ಇದೆ.

ಮೊದಲ ಭಾಗವನ್ನು ಸಾಹಿತ್ಯಲೋಕದ ಲಘು ವಿನೋದವೆಂದು ಓದುವವರಿದ್ದಾರೆ. ಆರ್ಚಿಂಬೋಲ್ದಿ ಎಂಬ ಜರ್ಮನ್ ಲೇಖಕನ ಬೆನ್ನುಹತ್ತಿದ ನಾಲ್ವರು ವಿಮರ್ಶಕರ ಕತೆ ಅದು. ಆದರೆ ಲಂಡನ್ನಿನಲ್ಲಿ ಅವರಲ್ಲಿಬ್ಬರು, ಪೆಲ್ತಿಯೆ ಮತ್ತು ಎಸ್ಪಿನೋಸ, ಒಬ್ಬ ಪಾಕಿಸ್ತಾನಿ ಟ್ಯಾಕ್ಸಿ ಚಾಲಕನನ್ನು ಕೆಳಗೆಳೆದು ಪ್ರಜ್ಞೆ ತಪ್ಪುವವರೆಗೆ ಒದೆಯುತ್ತಾರೆ. ಅವನು ಅವರ ಗೆಳತಿಯನ್ನು ಅವಮಾನಿಸಿದ್ದ, ನಿಜ. ಆದರೆ ಆ ಒದೆತಗಳಲ್ಲಿ ಕೋಪಕ್ಕಿಂತ ಹೆಚ್ಚಾಗಿ ಸುಖವಿದೆ. ಸಾಂತಾ ತೆರೆಸಾ ದೂರದ ಬರ್ಬರ ಊರೆಂದು ನೆಮ್ಮದಿಯಿಂದಿರಲು ಈ ದೃಶ್ಯ ಬಿಡುವುದಿಲ್ಲ.

ಕಾದಂಬರಿ ಸಡಿಲವಾಗುವುದು ಕೊನೆಯ ಭಾಗದಲ್ಲಿ. ಆರ್ಚಿಂಬೋಲ್ದಿಯ ಹಿನ್ನೆಲೆಯನ್ನೂ ಈ ಕೊಲೆಗಳ ಆರೋಪದ ಮೇಲೆ ಮೆಕ್ಸಿಕೊದ ಜೈಲಿನಲ್ಲಿರುವ ಜರ್ಮನ್ ಕೈದಿಯನ್ನೂ ರಕ್ತಸಂಬಂಧದಿಂದ ಗಂಟುಹಾಕುವುದು, ಅಲ್ಲಿಯವರೆಗೆ ಉತ್ತರ ಕೊಡಲು ಒಪ್ಪದ ಕೃತಿಗೆ ತೀರಾ ಅನುಕೂಲದ ಹೊಂದಿಕೆ. ಅದೇ ಭಾಗದ ಝಾಮರ್ ಮಾತ್ರ ಮರೆಯಲಾಗದವನು. ತನ್ನ ಊರಿಗೆ ತಪ್ಪಿ ಬಂದಿಳಿದ ಯಹೂದಿಗಳನ್ನು ಕೊಲ್ಲಿಸಿದ ಈ ನಾಜಿ ಅಧಿಕಾರಿ, ಅದನ್ನೆಲ್ಲ ಆಳು ಸಾಲದ, ಮೇಲಿನ ಆದೇಶ ಸರಿಯಾಗಿ ಬಾರದ ಕಚೇರಿ ತಾಪತ್ರಯವೆಂಬಂತೆ ಹೇಳಿಕೊಳ್ಳುತ್ತಾನೆ. ನಾಲ್ಕನೆಯ ಭಾಗದ ಮಹಜರು ಭಾಷೆಯ ಬೇರು ಇಲ್ಲಿ ಸಿಗುತ್ತದೆ.

2003ರಲ್ಲಿ ಐವತ್ತರ ವಯಸ್ಸಿಗೇ ತೀರಿಹೋದ ಬೊಲಾನ್ಯೊ, ಮಕ್ಕಳ ಭವಿಷ್ಯಕ್ಕೆ ಹಣವಾಗಲೆಂದು ಐದು ಭಾಗಗಳನ್ನೂ ಬೇರೆಬೇರೆ ಪುಸ್ತಕಗಳಾಗಿ ತರಬೇಕೆಂದು ಬಯಸಿದ್ದ. ಮನೆಯವರೂ ಗೆಳೆಯ ಇಗ್ನಾಸಿಯೊ ಎಚೆವರ್ರಿಯಾನೂ ಮರುವರ್ಷ ಒಂದೇ ಸಂಪುಟ ಮಾಡಿದರು. ಆ ತೀರ್ಮಾನ ಸರಿ. ಬಿಡಿಯಾಗಿ ಬಂದಿದ್ದರೆ ವಿಮರ್ಶಕರ ಕತೆಯನ್ನು ಕೊಂಡು ಓದಿ, ಕೊಲೆಗಳ ಪುಸ್ತಕವನ್ನು ಅಂಗಡಿಯಲ್ಲೇ ಬಿಟ್ಟು ಬರುವುದು ಬಹಳ ಸುಲಭವಾಗುತ್ತಿತ್ತು.