ಹಿಮನದಿಯ ಮೇಲೊಬ್ಬ ಪ್ರಯಾಣಿಕ

ಹಿಮನದಿಗಳನ್ನು ನೋಡಿಬಂದವರ ಬರಹಗಳಲ್ಲಿ ‘ರಮ್ಯ’, ‘ಭವ್ಯ’ ಎಂಬ ವಿಶೇಷಣಗಳೇ ಹೆಪ್ಪುಗಟ್ಟಿರುವುದುಂಟು. 1880ರಲ್ಲಿ ಪ್ರಕಟವಾದ ಮಾರ್ಕ್ ಟ್ವೇನನ ‘ಎ ಟ್ರಾಂಪ್ ಅಬ್ರಾಡ್’ ಇದಕ್ಕೆ ಹೊರತು. ಸ್ವಿಟ್ಜರ್ಲೆಂಡಿನ ಗೋರ್ನರ್ ಹಿಮನದಿ ಚಲಿಸುತ್ತದೆಂದು ಕೈಪಿಡಿಯಲ್ಲಿ ಓದಿದ ಅವನ ಪ್ರವಾಸಿಯು, ಅದನ್ನೇರಿ ಜೆರ್ಮಾಟ್ ಸೇರಲು ಕಾದು ಕೂರುತ್ತಾನೆ. ನಡುಭಾಗವೇ ವೇಗವಾದುದೆಂದು ತಾನಲ್ಲಿ ಕುಳಿತು, ಭಾರದ ಗಂಟುಗಳನ್ನು ಅಂಚಿಗಿಡುತ್ತಾನೆ! ಮೂರು ಮೈಲಿಗೆ ಐನೂರು ವರ್ಷವೂ ಸಾಲದೆಂಬುದು ಆಮೇಲಿನ ಲೆಕ್ಕ. ಹಾಸ್ಯವು ತುಸು ಲಂಬಿಸಿತೆನ್ನಬಹುದು. ಆದರೂ ನಾಲ್ಕು ದಿನದ ರಜೆಯ ಆತುರಕ್ಕೂ ಹಿಮದ ಕಾಲಮಾನಕ್ಕೂ ಇರುವ ಅಂತರವನ್ನು ಯಾವ ವರ್ಣನೆಯೂ ನನಗೆ ಇಷ್ಟು ನಿಚ್ಚಳವಾಗಿ ತೋರಿಸಿಲ್ಲ. ಇಂದು ಓದುವಾಗ ಈ ನಗೆಯಲ್ಲಿ ಕಹಿಯೂ ಬೆರೆಯುತ್ತದೆ: ಹಿಮವು ಕೆಳಗಿಳಿಯುವುದಕ್ಕಿಂತ ಬೇಗನೆ ಕರಗುತ್ತ, ಆ ಹಿಮನದಿಯ ತುದಿ ಜೆರ್ಮಾಟಿನಿಂದ ದೂರ ದೂರಕ್ಕೆ, ಮೇಲಕ್ಕೆ ಸರಿಯುತ್ತಿದೆ.