ಪಾರಿವಾಳದ ಬಣ್ಣ: 'ಗ್ರಿಸ್' ಆಟ ಮತ್ತು ದುಃಖ

ನಾನು ವಿಡಿಯೋ ಗೇಮ್ ಆಡುವವಳಲ್ಲ. ಮಗಳು ಆಡುತ್ತಾಳೆ, ನಾನು ಊಟಕ್ಕೆ ಕರೆಯುತ್ತೇನೆ, ಅವಳು 'ಐದು ನಿಮಿಷ' ಅನ್ನುತ್ತಾಳೆ. ಪುಣೆಯ ನಮ್ಮ ಮನೆಯಲ್ಲಿ ಈ ಕಲೆಯ ಜೊತೆ ನನಗಿದ್ದ ಸಂಬಂಧ ಅಷ್ಟೇ. ಹೋದ ವರ್ಷ ಧಾರವಾಡದಲ್ಲಿ ನನ್ನ ಅವ್ವ ತೀರಿಕೊಂಡಳು. ನಾನು ರಾತ್ರಿ ಬಸ್ಸು ಹತ್ತಿ ಹೋದೆ. ಮಗಳಿಗೆ ಹತ್ತನೆಯ ತರಗತಿಯ ಪರೀಕ್ಷೆ ನಡೆದಿತ್ತು, ಅವಳು ಬರಲಾಗಲಿಲ್ಲ. ಅಜ್ಜಿಯ ಮುಖವನ್ನು ಕೊನೆಗೆ ಫೋನಿನ ಪರದೆಯ ಮೇಲೆ ನೋಡಿದಳು. ನಾನು ತಿರುಗಿ ಬಂದು ಹದಿನೈದು ದಿನವಾದ ಮೇಲೆ ಒಂದು ರಾತ್ರಿ ಲ್ಯಾಪ್‌ಟಾಪ್ ತಂದು ನನ್ನ ಮುಂದಿಟ್ಟಳು. 'ಅಮ್ಮಾ, ಇದನ್ನ ಒಮ್ಮೆ ಆಡು. ಇದರಾಗ ಯಾರೂ ಸಾಯಂಗಿಲ್ಲ' ಅಂದಳು.

ಆ ಮಾತು ಅರ್ಧ ನಿಜ. 'ಗ್ರಿಸ್' ಆಟದಲ್ಲಿ ಆಡುವವರು ಸಾಯುವುದಿಲ್ಲ. ಎತ್ತರದಿಂದ ಬಿದ್ದರೂ ಸಾವಿಲ್ಲ, ಸೋಲಿಲ್ಲ, ಅಂಕಗಳೂ ಇಲ್ಲ. ಆದರೆ ಅಲ್ಲಿ ನಡೆಯುವುದೆಲ್ಲ ಯಾರೋ ಆಗಲೇ ಸತ್ತಿರುವುದರಿಂದ ನಡೆಯುತ್ತದೆ.

ಆಟ ಬಂದದ್ದು 2018ರ ಡಿಸೆಂಬರ್‌ನಲ್ಲಿ. ಮಾಡಿದವರು ಬಾರ್ಸೆಲೋನಾದ ನೊಮಾಡಾ ಸ್ಟುಡಿಯೋದವರು. ಅದರ ಚಿತ್ರಗಳ ಹಿಂದಿನ ಕೈ ಕೊನ್ರಾಡ್ ರೊಸೆಟ್ ಎಂಬ ಚಿತ್ರಕಾರನದು. ಹೆಣ್ಣುಗಳನ್ನು ತೆಳು ರೇಖೆ ಮತ್ತು ಜಲವರ್ಣದಲ್ಲಿ ಬರೆದೇ ಹೆಸರಾದವನು. 'ಗ್ರಿಸ್' ಎಂದರೆ ಸ್ಪ್ಯಾನಿಷ್‌ನಲ್ಲಿ ಬೂದು. ನಾಯಕಿಯ ಹೆಸರೂ ಅದೇ. ಕಲ್ಲಿನ ಒಂದು ಭಾರೀ ಹೆಣ್ಣುಪ್ರತಿಮೆಯ ಅಂಗೈಯಲ್ಲಿ ನಿಂತು ಒಬ್ಬ ಹುಡುಗಿ ಹಾಡುತ್ತಿದ್ದಾಳೆ. ದನಿ ನಿಂತುಹೋಗುತ್ತದೆ. ಪ್ರತಿಮೆ ಬಿರುಕು ಬಿಡುತ್ತದೆ, ಅಂಗೈ ಒಡೆಯುತ್ತದೆ, ಹುಡುಗಿ ಕೆಳಕ್ಕೆ, ಬಣ್ಣವೇ ಇಲ್ಲದ ಒಂದು ಲೋಕಕ್ಕೆ ಬೀಳುತ್ತಾಳೆ. ಇಡೀ ಆಟದಲ್ಲಿ ಒಂದು ಮಾತಿಲ್ಲ. ಆಡುತ್ತ ಹೋದಂತೆ ಬಣ್ಣಗಳು ಒಂದೊಂದಾಗಿ ಮರಳುತ್ತವೆ: ಮೊದಲು ಕೆಂಪು, ಆಮೇಲೆ ಹಸಿರು, ನೀಲಿ, ಕೊನೆಗೆ ಹಳದಿ. ಪ್ರತಿ ಸಲವೂ ಒದ್ದೆ ಕಾಗದದ ಮೇಲೆ ಬಣ್ಣದ ಹನಿ ಬಿದ್ದು ಹರಡಿದ ಹಾಗೆ ಪರದೆಯ ತುಂಬ ಅದು ಹಬ್ಬುತ್ತದೆ. ನೋಡುವುದಕ್ಕೆ ಇದು ಬಹಳ ಚೆಂದ. ಚೆಂದವಾಗಿದೆ ಎಂಬುದೇ ನನ್ನ ಮೊದಲ ತಕರಾರಾಗಿತ್ತು.

ಬಣ್ಣ ಹೋಯಿತು ಎಂದರೆ ದುಃಖ, ಬಣ್ಣ ಬಂದಿತು ಎಂದರೆ ಸಮಾಧಾನ: ಎಷ್ಟು ಸುಲಭದ ಲೆಕ್ಕ! ಇದರ ಅಡಿಯಲ್ಲಿ ಇನ್ನೊಂದು ಲೆಕ್ಕವೂ ಇದೆ. ಆಟ ಕೊಡುವ ಬಿರುದುಗಳ ಪಟ್ಟಿ ತೆಗೆದು ನೋಡಿದರೆ ನಿರಾಕರಣೆ, ಸಿಟ್ಟು, ಚೌಕಾಸಿ, ಖಿನ್ನತೆ, ಒಪ್ಪಿಗೆ ಎಂಬ ಐದು ಹಂತಗಳು ಸಿಗುತ್ತವೆ. ಬಣ್ಣವಿಲ್ಲದ ಲೋಕ ನಿರಾಕರಣೆ, ಕೆಂಪು ಸಿಟ್ಟು, ಹೀಗೆ. ಈ ಐದು ಹಂತಗಳು ಎಲಿಸಬೆತ್ ಕ್ಯೂಬ್ಲರ್-ರಾಸ್ ಎಂಬ ಮನೋವೈದ್ಯೆ 1969ರಲ್ಲಿ ಬರೆದ ಪುಸ್ತಕದಿಂದ ಬಂದವು. ಅವರು ಮಾತಾಡಿಸಿದ್ದು ವಾಸಿಯಾಗದ ಕಾಯಿಲೆ ಬಿದ್ದು ತಾವೇ ಸಾಯಲಿದ್ದ ರೋಗಿಗಳನ್ನು. ಸಾಯುವವರ ಬಗ್ಗೆ ಹೇಳಿದ್ದನ್ನು ಲೋಕ ಉಳಿದವರಿಗೆ ಅಂಟಿಸಿತು. ಈಗ ಅದು ಎಲ್ಲ ಕಡೆಯೂ ಇದೆ, ಧಾರಾವಾಹಿಗಳಲ್ಲಿ, ಆಫೀಸಿನ ಕೌನ್ಸೆಲಿಂಗ್ ಇಮೇಲುಗಳಲ್ಲಿ. ಆಟ ಮಾಡುವವರಿಗಂತೂ ಇದು ಸಿದ್ಧ ಅಡುಗೆ: ಐದು ಹಂತ ಎಂದರೆ ಐದು ಲೆವೆಲ್. ಸ್ಪೇನಿನದೇ ಇನ್ನೊಂದು ಆಟ, 2017ರ 'ರೈಮ್' ಕೂಡ ತನ್ನ ಅಧ್ಯಾಯಗಳನ್ನು ಇದೇ ಐದರ ಮೇಲೆ ಕಟ್ಟಿದೆ.

ಕೆಂಪು ಬಂದಾಗ ನಾವು ಒಂದು ಮರುಭೂಮಿಯಲ್ಲಿರುತ್ತೇವೆ. ಗಾಳಿಯಂತ್ರಗಳು ತಿರುಗುತ್ತವೆ, ಮರಳಿನ ಬಿರುಗಾಳಿ ಎದ್ದು ಹುಡುಗಿಯನ್ನು ಹಿಂದಕ್ಕೆ ನೂಕುತ್ತದೆ. ಅವಳ ಉಡುಪು ಒಂದು ಭಾರದ ಚೌಕಕಲ್ಲಾಗುವುದನ್ನು ಕಲಿಯುತ್ತದೆ. ಗಾಳಿ ಬಂದಾಗ ಕಲ್ಲಾಗಿ ಕೂರಬೇಕು, ನಿಂತಾಗ ಮುಂದೆ ಹೋಗಬೇಕು. 'ಕೆಂಪು ಅಂದ್ರ ಸಿಟ್ಟು' ಎಂದು ಮಗಳು ಪಕ್ಕದಿಂದ ವಿವರಿಸಿದಳು. ನನ್ನ ಕೈ ನಿಂತಿತು. ನನಗೆ ಕೆಂಪು ಎಂದರೆ ನನ್ನ ಅಪ್ಪನ ತಾಯಿ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡ ಆಕೆ ನಾನು ಕಂಡಷ್ಟು ದಿನವೂ ತಲೆಯ ಮೇಲೆ ಸೆರಗು ಹೊದ್ದು ಒಂದೇ ಕೆಂಪು ಸೀರೆಯಲ್ಲಿದ್ದಳು. ನಮ್ಮ ಕಡೆಯ ಮಡಿ ಹೆಂಗಸರಿಗೆ ಅದೇ ಸಮವಸ್ತ್ರ. ಇಲ್ಲಿ ಪುಣೆಯ ಹಳೆಯ ವಾಡೆಗಳಲ್ಲೂ ಅದೇ ಇತ್ತು. ಬಣ್ಣ ಕಳೆದುಹೋಗುವುದು ಅವಳಿಗೆ ರೂಪಕವಾಗಿರಲಿಲ್ಲ. ಹಣೆಯ ಕುಂಕುಮವನ್ನು ಯಾರೋ ಒರೆಸಿದರು, ಹಸಿರು ಬಳೆಗಳನ್ನು ಯಾರೋ ಒಡೆದರು, ಉಳಿದದ್ದು ಆ ಒಂದು ಬಣ್ಣ. ಅದರಲ್ಲಿ ಸಿಟ್ಟು ಇತ್ತೋ ಇಲ್ಲವೋ, ಕೇಳುವಷ್ಟು ಬುದ್ಧಿ ನನಗಾಗ ಇರಲಿಲ್ಲ.

ಹಸಿರಿನದು ಇನ್ನೊಂದು ಕತೆ. ಆಟದಲ್ಲಿ ಅದು ಕಾಡು. ಚೌಕಾಕಾರದ ಒಂದು ಪುಟ್ಟ ಪ್ರಾಣಿ ಅಲ್ಲಿ ಸೇಬು ತಿನ್ನುತ್ತ ಹುಡುಗಿಯ ಗೆಳೆಯನಾಗುತ್ತದೆ. ಆಟದ ಅತ್ಯಂತ ಮುದ್ದಾದ ಭಾಗ ಇದು, ಮಗಳಿಗೆ ಬಹಳ ಇಷ್ಟ. ನಾನು ಹದಿನೈದು ದಿನದ ಹಿಂದೆ ಅವ್ವನಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಅರಿಶಿನ ಹಚ್ಚಿ ಬಂದಿದ್ದೆ. ಅಪ್ಪ ಇದ್ದಾನಲ್ಲ, ಮುತ್ತೈದೆ ಸಾವು, 'ಪುಣ್ಯವಂತೆ' ಎಂದರು ಬಂದವರೆಲ್ಲ. ಆ ಬೆಳಗಿನಷ್ಟು ಬಣ್ಣ ಆ ಮನೆಯಲ್ಲಿ ನನ್ನ ಮದುವೆಯ ದಿನವೂ ಇರಲಿಲ್ಲ. ಲೋಕ ಬೂದಾಗಲಿಲ್ಲ. ಎಲ್ಲವೂ ಕಣ್ಣು ಚುಚ್ಚುವಷ್ಟು ನಿಚ್ಚಳವಾಗಿತ್ತು, ಬಾಡಿಗೆಗೆ ತಂದ ನೀಲಿ ಪ್ಲಾಸ್ಟಿಕ್ ಕುರ್ಚಿಗಳ ತನಕ.

ಇದನ್ನು ಆಟದ ತಪ್ಪು ಎನ್ನಲಾರೆ. ಬಾರ್ಸೆಲೋನಾದ ಚಿತ್ರಕಾರ ನಮ್ಮ ಮನೆಯ ಸೀರೆಗಳನ್ನು ಯಾಕೆ ತಿಳಿದಿರಬೇಕು? ಅಲ್ಲದೆ ನಮ್ಮ ಭರತನೂ ನಾಟ್ಯಶಾಸ್ತ್ರದ ಆರನೆಯ ಅಧ್ಯಾಯದಲ್ಲಿ ರಸಕ್ಕೊಂದು ಬಣ್ಣ ಹಂಚಿದವನೇ, ಮತ್ತು ಸಿಟ್ಟಿನ ರೌದ್ರಕ್ಕೆ ಅವನು ಕೊಟ್ಟದ್ದೂ ಕೆಂಪನ್ನೇ. ಆ ಪಟ್ಟಿಯಲ್ಲಿ ಶೋಕದಿಂದ ಹುಟ್ಟುವ ಕರುಣಕ್ಕೆ ಸಿಕ್ಕ ಬಣ್ಣ ಕಪೋತ, ಅಂದರೆ ಪಾರಿವಾಳದ ಬಣ್ಣ. ಅದೂ ಬೂದುವೇ. ಎಲ್ಲೋ ಕೂತ ಇಬ್ಬರು, ಅಷ್ಟು ಶತಮಾನಗಳ ಅಂತರದಲ್ಲಿ, ದುಃಖಕ್ಕೆ ಒಂದೇ ಬಣ್ಣ ಹುಡುಕಿದ್ದು ನನಗೆ ಆ ರಾತ್ರಿ ಹೊಳೆಯಲಿಲ್ಲ. ಮಾರನೆಯ ದಿನ ಬಾಲ್ಕನಿಯ ಎಸಿ ಡಬ್ಬದ ಮೇಲೆ ಎಂದಿನಂತೆ ಹೊಲಸು ಮಾಡುತ್ತಿದ್ದ ಪಾರಿವಾಳವನ್ನು ಓಡಿಸಲು ಹೋದಾಗ ಹೊಳೆಯಿತು. ಅದು ಕತ್ತು ತಿರುಗಿಸಿದಾಗ ಬೂದಿನೊಳಗಿಂದ ಹಸಿರು ಬಂತು, ನೇರಳೆ ಬಂತು, ಮತ್ತೆ ಬೂದಾಯಿತು.

ಭರತ ಅದೇ ಅಧ್ಯಾಯದಲ್ಲಿ ಇನ್ನೊಂದು ಸೂಕ್ಷ್ಮ ಹೇಳುತ್ತಾನೆ. ವಿರಹದಲ್ಲೂ ಅಳುವಿದೆ, ಸಾವಿನಲ್ಲೂ ಅಳುವಿದೆ, ಹಾಗಾದರೆ ವಿಪ್ರಲಂಭ ಶೃಂಗಾರಕ್ಕೂ ಕರುಣಕ್ಕೂ ಏನು ವ್ಯತ್ಯಾಸ? ವಿಪ್ರಲಂಭದಲ್ಲಿ ಅಪೇಕ್ಷೆ ಇದೆ, ಮತ್ತೆ ಸಿಕ್ಕಾರೆಂಬ ಆಸೆ ಇದೆ. ಕರುಣ ನಿರಪೇಕ್ಷ. 'ಗ್ರಿಸ್' ಬಗ್ಗೆ ನನ್ನ ಅಸಮಾಧಾನದ ಬೇರು ಇಲ್ಲಿ ಸಿಕ್ಕಿತು. ಕೆಂಪು ಬಂದ ಕೂಡಲೇ ಉಳಿದ ಬಣ್ಣಗಳೂ ಬರುತ್ತವೆಂದು ನಮಗೆ ಗೊತ್ತಾಗಿಬಿಡುತ್ತದೆ. ಆಮೇಲೆ ನಾವು ದುಃಖಿಸುತ್ತಿಲ್ಲ, ಕಾಯುತ್ತಿದ್ದೇವೆ. ಆಟ ಎಂಬ ಪ್ರಕಾರದ ಕಷ್ಟವೇ ಇದು: ಗುಂಡಿ ಒತ್ತಿದರೆ ಏನಾದರೂ ಆಗಬೇಕು, ಮುಂದೆ ಹೋದರೆ ಏನಾದರೂ ಸಿಗಬೇಕು. ಅಪೇಕ್ಷೆಯೇ ಅದರ ಎಂಜಿನ್. ನಿರಪೇಕ್ಷವಾದುದನ್ನು ಅದು ಹೇಗೆ ತೋರಿಸೀತು?

ತೋರಿಸಬಲ್ಲದು ಎಂಬುದಕ್ಕೆ ಮೊದಲ ಸಾಕ್ಷಿ ಇದೇ ಆಟದಲ್ಲಿದೆ, ಅದೂ ಬಣ್ಣ ಬರುವ ಮೊದಲು. ಹುಡುಗಿ ಬೂದು ಲೋಕಕ್ಕೆ ಬಿದ್ದು ಎದ್ದಾಗ ನಾವು ಆಟಗಾರರ ಸಹಜಬುದ್ಧಿಯಿಂದ ನೆಗೆಯುವ ಗುಂಡಿ ಒತ್ತುತ್ತೇವೆ. ಅವಳು ನೆಗೆಯುವುದಿಲ್ಲ. ಮೊಣಕಾಲೂರಿ ಕುಸಿಯುತ್ತಾಳೆ. ಎಬ್ಬಿಸಿ ನಾಲ್ಕು ಹೆಜ್ಜೆ ನಡೆಸಿ ಮತ್ತೆ ಒತ್ತಿದರೆ ಮತ್ತೆ ಕುಸಿಯುತ್ತಾಳೆ. ಪ್ರಯತ್ನಕ್ಕೆ ಸಿಗುವ ಉತ್ತರ ಅದೊಂದೇ. ನಾನು ಅವಳನ್ನು ಆರೇಳು ಸಲ ಬೀಳಿಸಿದೆ. ಮಗಳು 'ಸುಮ್ನ ನಡಿ, ಒತ್ತಬ್ಯಾಡ' ಅಂದಳು. ಹದಿನೈದು ದಿನದಲ್ಲಿ ನನಗೆ ಯಾರಾದರೂ ಕೊಟ್ಟ ಸರಿಯಾದ ಸಲಹೆ ಅದೊಂದೇ.

ಬೂದುಬಣ್ಣ ಒಂದೇ ಈ ಕೆಲಸ ಮಾಡಲಾರದು. 2010ರ 'ಲಿಂಬೋ' ಆಟವಿಡೀ ಕಪ್ಪು-ಬೂದುವಿನಲ್ಲಿದೆ, ಅಲ್ಲಿ ನಮಗೆ ಹುಟ್ಟುವುದು ಭಯ. ಇಲ್ಲಿ ದುಃಖ ಹುಟ್ಟುವುದು ಬೆರಳು ಮತ್ತು ಬಣ್ಣ ಸೇರಿ. 2016ರ 'ದಟ್ ಡ್ರ್ಯಾಗನ್, ಕ್ಯಾನ್ಸರ್' ಇದನ್ನು ಇನ್ನೂ ಬರಿಗೈಯಲ್ಲಿ ಮಾಡುತ್ತದೆ. ಅದು ರಯಾನ್ ಮತ್ತು ಏಮಿ ಗ್ರೀನ್ ದಂಪತಿ ತಮ್ಮ ಮಗ ಜೋಯಲ್‌ನ ಕಾಯಿಲೆಯ ಬಗ್ಗೆ ಮಾಡಿದ ಆಟ. ಯಾರ ಮುಖಕ್ಕೂ ಕಣ್ಣು ಮೂಗು ಇಲ್ಲ. ಆಸ್ಪತ್ರೆಯ ಒಂದು ರಾತ್ರಿಯಲ್ಲಿ ಮಗು ಅಳುತ್ತದೆ, ನಾವು ಏನು ಮಾಡಿದರೂ ಅಳು ನಿಲ್ಲುವುದಿಲ್ಲ. ನಾನದನ್ನು ಅರ್ಧಕ್ಕೆ ಬಿಟ್ಟೆ.

ಬಣ್ಣದ ಲೆಕ್ಕವನ್ನೇ ತಲೆಕೆಳಗು ಮಾಡುವ ಆಟವೂ ಒಂದಿದೆ, 2017ರ 'ವಾಟ್ ರಿಮೇನ್ಸ್ ಆಫ್ ಈಡಿತ್ ಫಿಂಚ್'. ಒಂದೇ ಮನೆತನದ ಒಬ್ಬೊಬ್ಬರ ಸಾವನ್ನು ಒಂದೊಂದು ರೀತಿಯಲ್ಲಿ ಹೇಳುವ ಆಟ ಅದು. ಅದರಲ್ಲಿ ಲೂಯಿಸ್ ಎಂಬ ಯುವಕ ಮೀನು ಡಬ್ಬಿ ತುಂಬುವ ಕಾರ್ಖಾನೆಯಲ್ಲಿ ದುಡಿಯುತ್ತಾನೆ. ನಮ್ಮ ಬಲಗೈ ಒಂದೊಂದೇ ಮೀನನ್ನು ಎಳೆದು ತಲೆ ಕತ್ತರಿಸಿ ತಳ್ಳುತ್ತಿರಬೇಕು. ಅದೇ ಹೊತ್ತಿಗೆ ಎಡಗೈ ಅವನ ಹಗಲುಗನಸಿನ ರಾಜ್ಯದಲ್ಲಿ ಒಂದು ಪುಟ್ಟ ಆಕೃತಿಯನ್ನು ನಡೆಸುತ್ತಿರಬೇಕು. ಕನಸು ಮೊದಲು ಪರದೆಯ ಮೂಲೆಯಲ್ಲಿ ಸಣ್ಣದಾಗಿರುತ್ತದೆ. ಬೆಳೆಯುತ್ತದೆ, ಬಣ್ಣ ತುಂಬಿಕೊಳ್ಳುತ್ತದೆ, ಕಾರ್ಖಾನೆಯನ್ನು ನುಂಗುತ್ತದೆ. ಬಲಗೈ ಮಾತ್ರ ಮೀನು ಕತ್ತರಿಸುತ್ತಲೇ ಇರುತ್ತದೆ, ನೋಡದೆಯೇ. ಬಣ್ಣ ಹೆಚ್ಚಿದಷ್ಟೂ ಅವನು ನಮ್ಮಿಂದ ದೂರವಾಗುತ್ತಾನೆ, ಎಲ್ಲವೂ ಥಳಥಳಿಸುವಾಗ ಸಾವು ಬರುತ್ತದೆ. 'ಗ್ರಿಸ್' ಬಣ್ಣಕ್ಕೆ ಕೊಟ್ಟ ಭರವಸೆಯನ್ನು ಇದು ಹತ್ತೇ ನಿಮಿಷದಲ್ಲಿ ಕಿತ್ತುಕೊಳ್ಳುತ್ತದೆ. ನನ್ನನ್ನು ಕೇಳಿದರೆ ಇದು ಹೆಚ್ಚು ದೊಡ್ಡ ಕೆಲಸ.

ಹಾಗಿದ್ದರೂ 'ಗ್ರಿಸ್' ಅನ್ನು ಎರಡನೆಯ ಸಲ ಆಡಿದಾಗ ಒಂದು ವಿಷಯದಲ್ಲಿ ನಾನು ಅದಕ್ಕೆ ಅನ್ಯಾಯ ಮಾಡಿದ್ದೆನೆಂದು ತಿಳಿಯಿತು. ಬಣ್ಣಗಳು ಒಂದರ ಜಾಗಕ್ಕೆ ಇನ್ನೊಂದು ಬರುವುದಿಲ್ಲ, ಒಂದರ ಮೇಲೊಂದು ಬರುತ್ತವೆ. ನೀಲಿಯ ನೀರಿನಾಳದಲ್ಲಿ ಕರಿಯ ಹಾವುಮೀನು ಅಟ್ಟಿಸಿಕೊಂಡು ಬರುವಾಗಲೂ ಹಳೆಯ ಕೆಂಪು ಎಲ್ಲೋ ಇರುತ್ತದೆ. ಕೊನೆಗೆ ದನಿ ಮರಳಿ, ಹುಡುಗಿ ಹಾಡಿದಲ್ಲೆಲ್ಲ ಹೂವು ಅರಳುವಾಗಲೂ ಅಡಿಯ ಕಾಗದ ಅದೇ, ರೇಖೆಯ ಬೂದು ಅದೇ. ಜಲವರ್ಣದ ಗುಣವೇ ಅದಲ್ಲವೆ, ಕೆಳಗಿನದನ್ನು ಅದು ಮುಚ್ಚಲಾರದು. ಹಂತಗಳ ಪಟ್ಟಿ 'ಇದು ಮುಗಿಯಿತು, ಮುಂದಿನದು' ಎನ್ನುತ್ತಿರುವಾಗ ಚಿತ್ರಕಾರನ ಕೈ ಬೇರೆ ಏನನ್ನೋ ಹೇಳುತ್ತಿದೆ. ಬಿರುದುಗಳ ಪಟ್ಟಿ ಬರೆದವರಿಗಿಂತ ಬಣ್ಣ ಹಚ್ಚಿದವನು ಹೆಚ್ಚು ಬಲ್ಲವನಾಗಿದ್ದ.

ಆಟದ ಮೂಲೆ ಮೂಲೆಗಳಲ್ಲಿ ಬಚ್ಚಿಟ್ಟ ನೆನಪಿನ ಗುರುತುಗಳಿವೆ. ಅವೆಲ್ಲವನ್ನೂ ಹುಡುಕಿದವರಿಗೆ ಒಂದು ಗುಪ್ತ ದೃಶ್ಯ ತೆರೆಯುತ್ತದೆ. ಆ ಪ್ರತಿಮೆಯ ಹೆಂಗಸು ಅಲ್ಲಿ ಕಲ್ಲಲ್ಲ, ಒಂದು ಮಗುವಿನ ತಾಯಿ. ನನಗೆ ಅಷ್ಟು ತಾಳ್ಮೆ ಇರಲಿಲ್ಲ. ಮಗಳು ಪರೀಕ್ಷೆ ಮುಗಿದ ಮೇಲೆ ಮೂರು ದಿನ ಕೂತು ಎಲ್ಲವನ್ನೂ ಹುಡುಕಿದ್ದಳಂತೆ. ಆಗ ನಾನು ಧಾರವಾಡದಲ್ಲಿದ್ದೆ, ಅವ್ವನ ಕಪಾಟು ತೆಗೆದು ಯಾರಿಗೆ ಯಾವ ಸೀರೆ ಎಂದು ಹಂಚುತ್ತಿದ್ದೆ. ಅವಳಿಗಾಗಿ ಒಂದು ತಂದಿದ್ದೇನೆ, ಬೂದುಬಣ್ಣದ ಇಳಕಲ್, ಕೆಂಪು ಅಂಚು. ಈವರೆಗೆ ಅವಳು ಮಡಿಕೆ ಬಿಚ್ಚಿಲ್ಲ.

ಮೊನ್ನೆ ಊಟಕ್ಕೆ ಕರೆಯಲು ಹೋದಾಗ ಪರದೆ ಮತ್ತೆ ಬೂದಾಗಿತ್ತು. 'ಮುಗಿಸಿದ್ದಿ ಅಲ್ಲ, ಮತ್ಯಾಕ ಮೊದಲಿಂದ?' ಅಂದೆ. 'ಇಷ್ಟ ಆಡ್ತೀನಿ, ಕೆಂಪು ಬರೂತನಕ' ಅಂದಳು. ಗುಂಡಿ ಒತ್ತಿದಳು. ಹುಡುಗಿ ಮೊಣಕಾಲೂರಿದಳು. ನಾನು ಪಕ್ಕದಲ್ಲಿ ಕೂತೆ, ಐದು ನಿಮಿಷ.