ಬಾಯಾರಿಕೆ, ನೀರಡಿಕೆ ಮತ್ತು ಮುಪ್ಪಿನ ಬಾಯಿ

ಮುಪ್ಪಿನ ಚಿಹ್ನೆಗಳನ್ನು ಒಂದೊಂದಾಗಿ ಎಣಿಸಿ, ಅವು ಬಂದೊದಗುವ ಮುನ್ನವೇ ಕೂಡಲಸಂಗಮದೇವನನ್ನು ಪೂಜಿಸೆಂದು ಹೇಳುವ ಬಸವಣ್ಣನವರ ವಚನವು ನಮ್ಮ ತರಗತಿಗಳಲ್ಲಿ ಸುಪರಿಚಿತವಾದುದು. ನರೆತ ಕೂದಲು, ಸುಕ್ಕಿದ ಗಲ್ಲ, ಹೋದ ಹಲ್ಲು, ಬಾಗಿದ ಬೆನ್ನು ಅಲ್ಲಿ ಒಂದೇ ಸಾಲಿನಲ್ಲಿ ನಿಂತಿವೆ. ಪಾಠ ಹೇಳುವವರು ಇವೆಲ್ಲವನ್ನೂ 'ವಯೋಧರ್ಮ'ವೆಂದು ಮುಗಿಸಿಬಿಡುವುದು ವಾಡಿಕೆ. ಬಸವಣ್ಣನವರು ಕಂಡದ್ದನ್ನು ಕಂಡಂತೆ ನುಡಿದಿದ್ದಾರೆ, ದೋಷವಿರುವುದು ವ್ಯಾಖ್ಯಾನದಲ್ಲಿ. ನರೆಯು ವಯಸ್ಸಿನ ಫಲವೆನ್ನೋಣ. ಹಲ್ಲು ಬೀಳುವುದಾದರೋ ಬಹುಮಟ್ಟಿಗೆ ಒಸಡಿನ ರೋಗದ ಮತ್ತು ಹುಳುಕಿನ ಫಲ. ವಚನದ ಒತ್ತೆಲ್ಲ 'ಮುನ್ನ' ಎಂಬ ಪದದ ಮೇಲಿರುವುದನ್ನು ವ್ಯಾಖ್ಯಾನಕಾರರು ಹಲ್ಲಿನ ವಿಷಯದಲ್ಲಿ ಮರೆತಿದ್ದಾರೆ.

ಹಲ್ಲು ಒಸಡುಗಳನ್ನು ಕಾಯುವುದು ಲಾಲಾರಸ. ಅದರಲ್ಲಿ ನೂರಕ್ಕೆ 99 ಪಾಲು ನೀರೇ. ಉಳಿದ ಅಲ್ಪಾಂಶದಲ್ಲಿ ಹಲ್ಲನ್ನು ಪೋಷಿಸುವ ಕ್ಯಾಲ್ಸಿಯಂ ಮತ್ತು ಫಾಸ್ಫೇಟು, ಆಮ್ಲವನ್ನು ಶಮನಗೊಳಿಸುವ ಬೈಕಾರ್ಬೊನೇಟು, ರೋಗಾಣುಗಳನ್ನೆದುರಿಸುವ ಲೈಸೋಜೈಮ್ ಮೊದಲಾದವು ಇವೆ. ಸುಮ್ಮನಿರುವಾಗ ನಿಮಿಷಕ್ಕೆ ಸುಮಾರು 0.3 ಮಿಲಿಲೀಟರು ಒಸರುವುದು ಸಾಮಾನ್ಯ, 0.1ಕ್ಕಿಂತ ಕೆಳಗಿಳಿದರೆ ಅದು ಕೊರತೆ. ಈ ಇಳಿತಕ್ಕೂ ವಯಸ್ಸೊಂದೇ ಹೊಣೆಯಲ್ಲ. ರಕ್ತದೊತ್ತಡ, ಖಿನ್ನತೆ ಮುಂತಾದವುಗಳಿಗಾಗಿ ವೃದ್ಧರು ನುಂಗುವ ಹಲವು ಗುಳಿಗೆಗಳು ಅದನ್ನು ತಗ್ಗಿಸುತ್ತವೆ. ಆಗ ಒಸಡಿಳಿದು ತೆರೆದ ಬೇರುಗಳಿಗೆ ಬೇಗನೆ ಹುಳುಕು ಹತ್ತುತ್ತದೆ. ಕಟ್ಟಿಸಿಕೊಂಡ ಹಲ್ಲಿನ ಸೆಟ್ಟೂ ನಿಲ್ಲದು.

ಈ ರಸಕ್ಕೆ ನಮ್ಮಲ್ಲಿ ಹೆಸರೇನು? ಜೊಲ್ಲು, ಉಗುಳು, ಎಂಜಲು. ಮೂರೂ ಬಾಯಿಂದ ಹೊರಬಿದ್ದು ಹೇಸಿಗೆಯಾದುದರ ಹೆಸರುಗಳು. ಒಳಗಿದ್ದು ಕಾಯುವುದಕ್ಕೆ ಸಂಸ್ಕೃತದ ಲಾಲಾರಸವೇ ಗತಿ. ಯಾವ ಅಜ್ಜಿಯೂ ಆ ಶಬ್ದವನ್ನು ಆಡುವುದಿಲ್ಲ. ಅದು ಬತ್ತಿದ್ದನ್ನು ಹೇಳುವ ಶಬ್ದವಂತೂ ಇನ್ನೂ ವಿಚಾರಾರ್ಹ. 'ಬಾಯಾರಿಕೆ' ಎಂದರೆ ಶಬ್ದಶಃ ಬಾಯಿ ಆರುವುದು, ಅಂದರೆ ಒಣಗುವುದು. ರೂಢಿಯಲ್ಲಿ ಅದು ನೀರಿನ ಬಯಕೆಯಾಗಿದೆ. ಬಾಯಾರುತ್ತದೆ ಎಂದವರ ಮುಂದೆ ನೀರಿನ ತಂಬಿಗೆ ಬರುತ್ತದೆ. ವಿಚಾರಣೆ ಅಲ್ಲಿಗೇ ನಿಲ್ಲುತ್ತದೆ.

ಹುಬ್ಬಳ್ಳಿ-ಧಾರವಾಡದ ಆಡುಮಾತಿನಲ್ಲಾದರೋ ದಾಹಕ್ಕೆ 'ನೀರಡಿಕೆ' ಎಂಬ ಬೇರೆ ಶಬ್ದವೇ ಉಂಟು. 'ನೀರಡಿಕಿ ಇಲ್ಲ, ಬಾಯಿ ಒಣಗತೈತಿ' ಎಂದು ಇಲ್ಲಿಯ ಮುದುಕಿಯೊಬ್ಬಳು ಹೇಳಿದರೆ, ಅದು ಗ್ರಂಥದ ವ್ಯಾಖ್ಯೆಗಿಂತ ಕಡಿಮೆಯ ನಿಖರತೆಯದಲ್ಲ. ಧಾರವಾಡದ ಸತ್ತೂರಿನಲ್ಲಿ 1986ರಿಂದ ದಂತವೈದ್ಯ ಕಾಲೇಜು ಇದೆ. ಇಂಥಲ್ಲಿ ವೃದ್ಧರಿಗಾಗಿ ಪ್ರಶ್ನಾವಳಿಯನ್ನು ಕನ್ನಡಿಸುವವರು 'ಬಾಯಾರಿಕೆಯಾಗುತ್ತದೆಯೇ?' ಎಂದು ಬರೆದರೆ ಎರಡು ಲಕ್ಷಣಗಳು ಒಂದೇ ಉತ್ತರದಲ್ಲಿ ಕಲಸಿಹೋಗುತ್ತವೆ. ಮಧುಮೇಹಿಗಳಲ್ಲಿ ಇವೆರಡೂ ಕೂಡಿಯೇ ಬರಬಹುದಾದ್ದರಿಂದ ಗೊಂದಲ ಮತ್ತಷ್ಟು ಹೆಚ್ಚು. ನೀರಡಿಕೆಯನ್ನು ಒಂದು ಪ್ರಶ್ನೆಯಾಗಿಯೂ, ಬಾಯಿ ಒಣಗುವುದನ್ನು ಇನ್ನೊಂದಾಗಿಯೂ ಕೇಳತಕ್ಕದ್ದು.